ಒಂದೇ ಪಂಪಿಗೆ ನಾಲ್ಕು ಸೀಲ್

ನಾನು ನೋಡಿಕೊಳ್ಳುತ್ತಿದ್ದ ಒಂದು ಕಟ್ಟಡದಲ್ಲಿ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಪಂಪಿನ ಸೀಲ್ (ತಿರುಗುವ ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ಭಾಗ) ಏಳು ತಿಂಗಳಲ್ಲಿ ನಾಲ್ಕು ಸಲ ಹೋಯಿತು. ನಾಲ್ಕು ಸಲವೂ ಹೊಸದು ಹಾಕಿದೆವು. ಆದರೆ ನಾಲ್ಕು ಸಲ ಹಾಕಿದ್ದೇವೆ ಅನ್ನೋದೇ ಯಾರಿಗೂ ಗೊತ್ತಿರಲಿಲ್ಲ.

ಮೊದಲನೆಯದನ್ನು ಹಾಕಿದವರು ರಾತ್ರಿ ಶಿಫ್ಟಿನವರು. ಎರಡನೆಯದು ಹೊರಗಿನಿಂದ ಕರೆಸಿದ ಮೆಕ್ಯಾನಿಕ್. ಮೂರನೆಯದನ್ನು ಹಾಕಿದ ಹುಡುಗ ಆಮೇಲೆ ಕೆಲಸ ಬಿಟ್ಟು ಹೋದ. ರಿಜಿಸ್ಟರಿನಲ್ಲಿ ಬೇರೆ ಬೇರೆ ಪುಟಗಳಲ್ಲಿ, ಬೇರೆ ಬೇರೆ ಕೈಬರಹದಲ್ಲಿ ಒಂದೇ ಸಾಲು: "ಪಂಪ್ ಲೀಕ್, ಸರಿ ಮಾಡಲಾಗಿದೆ." ಯಾವ ಪಂಪ್? ಅಲ್ಲಿ ಮೂರು ಪಂಪುಗಳಿದ್ದವು.

ಆ ವರ್ಷವೇ ವರ್ಕ್ ಆರ್ಡರ್, ಅಂದರೆ ಪ್ರತಿ ರಿಪೇರಿ ಕೆಲಸವನ್ನೂ ದಾಖಲಿಸಿಡುವ ಸಾಫ್ಟ್‌ವೇರ್ ತಂದೆವು. ಪ್ರತಿ ಪಂಪಿಗೂ ಒಂದು ನಂಬರ್ ಕೊಟ್ಟು ಕ್ಯೂಆರ್ ಸ್ಟಿಕ್ಕರ್ ಅಂಟಿಸಿದೆವು. ಹಳೇ ರಿಜಿಸ್ಟರ್ ಹಿಡಿದು ಕೂತು, ಸ್ಟೋರಿನ ಚೀಟಿಗಳ ಜೊತೆ ತಾಳೆ ನೋಡಿ, ಹಿಂದಿನ ಕೆಲಸಗಳನ್ನೂ ತುಂಬಿಸಿದೆವು. ಆಗ ಎರಡನೇ ನಂಬರಿನ ಪಂಪಿನ ಕೆಳಗೆ ನಾಲ್ಕು ಸೀಲ್ ಸಾಲಾಗಿ ಬಂದು ನಿಂತವು. ಸೀಲ್ ಕೆಟ್ಟದ್ದಾಗಿದ್ದರೆ ಉಳಿದ ಎರಡು ಪಂಪುಗಳಲ್ಲೂ ಹೋಗಬೇಕಿತ್ತಲ್ವಾ? ಅಲ್ಲಿಗೂ ಅದೇ ಸೀಲ್ ಹಾಕಿದ್ದೆವು, ಅವು ಚೆನ್ನಾಗೇ ಇದ್ದವು. ಹಾಗಾಗಿ ಈ ಸಲ ಮೋಟಾರನ್ನೂ ಪಂಪನ್ನೂ ಜೋಡಿಸುವ ಕಪ್ಲಿಂಗ್ ಬಿಚ್ಚಿಸಿದೆವು. ಒಳಗಿನ ರಬ್ಬರ್ ಒಂದೇ ಕಡೆ ಸವೆದಿತ್ತು. ಮೋಟಾರಿನ ಬುಡದ ಒಂದು ಬೋಲ್ಟ್ ಸಡಿಲವಾಗಿ ಮೋಟಾರ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. ಶಾಫ್ಟ್ ಪ್ರತಿ ಸುತ್ತಿಗೂ ಸೀಲನ್ನು ಅಲುಗಾಡಿಸುತ್ತಿತ್ತು. ಬೋಲ್ಟ್ ಬಿಗಿ ಮಾಡಿ, ಡಯಲ್ ಗೇಜ್ ಇಟ್ಟು ಅಳೆದು, ಎರಡೂ ಶಾಫ್ಟ್ ಒಂದೇ ನೇರಕ್ಕೆ ಬರುವಂತೆ ಅಲೈನ್‌ಮೆಂಟ್ ಸರಿ ಮಾಡಿ, ರಬ್ಬರ್ ಬದಲಾಯಿಸಿದೆವು. ಐದನೇ ಸೀಲ್ ಬೇಕಾಗಲಿಲ್ಲ.

ಇಂಥ ಸಾಫ್ಟ್‌ವೇರ್ ಮಾರಲು ಬರುವವರು ಮೊದಲು ತೋರಿಸುವುದು ಬಣ್ಣಬಣ್ಣದ ಡ್ಯಾಶ್‌ಬೋರ್ಡ್. ಎಷ್ಟು ಕಂಪ್ಲೇಂಟ್ ಬಂತು, ಎಷ್ಟು ಮುಗೀತು, ಸರಾಸರಿ ಎಷ್ಟು ಗಂಟೆ ಹಿಡೀತು. ಅವು ಬೇಡ ಅನ್ನಲ್ಲ. ಆದರೆ ನನ್ನ ಅನುಭವದಲ್ಲಿ ಈ ಸಾಫ್ಟ್‌ವೇರಿನ ನಿಜವಾದ ಬೆಲೆ ಇರುವುದು ನೆನಪಿನಲ್ಲಿ. ಕಟ್ಟಡ ಐವತ್ತು ವರ್ಷ ನಿಂತಿರುತ್ತದೆ, ಅದನ್ನು ನೋಡಿಕೊಳ್ಳುವವರು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಹೋಗುವವರ ತಲೆಯಲ್ಲಿದ್ದದ್ದು ಅವರ ಜೊತೆಗೇ ಹೋಗುತ್ತದೆ. ಯಾವ ವಾಲ್ವ್ ತಿರುಗಿಸಿದರೆ ಯಾವ ಮಹಡಿಗೆ ನೀರು ನಿಲ್ಲುತ್ತದೆ, ಯಾವ ಬ್ರೇಕರ್ ಮಳೆ ಬಂದಾಗ ಮಾತ್ರ ಟ್ರಿಪ್ ಆಗುತ್ತದೆ ಅನ್ನೋದೆಲ್ಲ ಒಬ್ಬಿಬ್ಬರಿಗೆ ಬಿಟ್ಟರೆ ಬೇರೆಯವರಿಗೆ ಗೊತ್ತೇ ಇರುವುದಿಲ್ಲ.

ಆದರೆ ಆ ನೆನಪು ತಾನಾಗಿ ತುಂಬಿಕೊಳ್ಳುವುದಿಲ್ಲ. ಕೆಲಸ ಮುಗಿಸಿದ ಟೆಕ್ನಿಷಿಯನ್ ಕೊನೆಗೆ ಬರೆಯುವ ಎರಡು ಸಾಲಿನಲ್ಲೇ ಎಲ್ಲವೂ ಇದೆ. "ಎಸಿ ಸರಿ ಮಾಡಿದೆ" ಅಂತ ಬರೆದರೆ ಆರು ತಿಂಗಳ ನಂತರ ಅದರಿಂದ ಯಾರಿಗೂ ಉಪಯೋಗವಿಲ್ಲ. "ತಣ್ಣಗಾಗುತ್ತಿರಲಿಲ್ಲ, ಹೊರಗಿನ ಯೂನಿಟ್ಟಿನ ಕೆಪಾಸಿಟರ್ ಉಬ್ಬಿತ್ತು, ಬದಲಾಯಿಸಿದೆ, ಫ್ಯಾನಿನ ಬೇರಿಂಗ್ ಕೂಡ ಸದ್ದು ಮಾಡುತ್ತಿದೆ" ಅಂತ ಬರೆದರೆ ಅದೇ ಮುಂದಿನ ಕೆಲಸಕ್ಕೆ ದಾರಿ. ಏನಾಗಿತ್ತು, ಯಾಕಾಗಿತ್ತು, ಏನು ಮಾಡಿದೆ. ನಾನು ಕೇಳುವುದು ಈ ಮೂರೇ. ಜೊತೆಗೆ ಬಿಚ್ಚಿದ ಪಾರ್ಟಿನ ಒಂದು ಫೋಟೋ.

ಅವರಿಂದ ಇಷ್ಟು ಬರೆಸಬೇಕಾದರೆ ನಾವೂ ಸ್ವಲ್ಪ ತಲೆ ಓಡಿಸಬೇಕು. ನಮ್ಮಲ್ಲಿ ಮೊದಲು ಒಂದು ಕೆಲಸ ಮುಗಿಸಲು ಹದಿನಾಲ್ಕು ಕಾಲಂ ತುಂಬಬೇಕಿತ್ತು, ಅದೂ ಇಂಗ್ಲಿಷಿನಲ್ಲಿ. ಕೈಯೆಲ್ಲ ಗ್ರೀಸ್ ಮಾಡಿಕೊಂಡು ನಿಂತವರು ಅದನ್ನು ತುಂಬುತ್ತಾರಾ? ಸಂಜೆ ಯಾರೋ ಒಬ್ಬರು ಆಫೀಸಿನಲ್ಲಿ ಕೂತು ಇಡೀ ದಿನದ್ದನ್ನು ಒಟ್ಟಿಗೆ ಮುಗಿಸಿಬಿಡುತ್ತಿದ್ದರು. ಎಲ್ಲ ಕೆಲಸದ ಸಮಯವೂ 5:40. ನಾವು ಕಾಲಂಗಳನ್ನು ಐದಕ್ಕೆ ಇಳಿಸಿದೆವು. ಮಾತಿನಲ್ಲೇ ಹೇಳಿ ರೆಕಾರ್ಡ್ ಮಾಡುವ ಅವಕಾಶ ಕೊಟ್ಟೆವು, ಅವರವರ ಭಾಷೆಯಲ್ಲಿ. ನೋಟ್ಸ್ ಒಂದೇ ತಿಂಗಳಲ್ಲಿ ಬದಲಾಯಿತು. ಇಪ್ಪತ್ತು ವರ್ಷ ಕೆಲಸ ಮಾಡಿದ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಬರೆಯಲು ಹಿಂಜರಿಯುತ್ತಿದ್ದರು. ಅವರು ಪ್ಯಾನೆಲ್ ಮುಂದೆ ನಿಂತು ಫೋನಿಗೆ ಹೇಳಿದ ಮಾತು ಇವತ್ತಿಗೂ ಹೊಸ ಹುಡುಗರಿಗೆ ಕೇಳಿಸುತ್ತೇನೆ. "ಈ ಕೇಬಲ್ ಮುಟ್ಟಿ ನೋಡಿದ್ರೆ ಬೆಚ್ಚಗಿದೆ, ಪಕ್ಕದ್ದು ತಣ್ಣಗಿದೆ. ಲಗ್ ಸಡಿಲ ಇರಬೇಕು. ಪವರ್ ಆಫ್ ಮಾಡೋಕೆ ಟೈಮ್ ಕೊಡಿ." ಆ ಟೈಮ್ ಕೊಟ್ಟೆವು. ಕೇಬಲ್ ತುದಿಯನ್ನು ಪ್ಯಾನೆಲ್ಲಿಗೆ ಜೋಡಿಸುವ ಆ ಲಗ್ ಸುಟ್ಟು ಕಪ್ಪಾಗಿತ್ತು.

ಒಂದು ವಿಷಯ ಹೇಳಲೇಬೇಕು, ಇದರಲ್ಲಿ ನನಗೆ ಸಿಟ್ಟೂ ಇದೆ. ಈ ಸಾಫ್ಟ್‌ವೇರನ್ನು ಕೆಲವು ಕಡೆ ಚಾಟಿಯ ಹಾಗೆ ಬಳಸುತ್ತಾರೆ. "ಈ ಕೆಲಸ ಎಂಟು ದಿನ ಪೆಂಡಿಂಗ್, ಯಾರದು?" ಅಂತ ಮೀಟಿಂಗಿನಲ್ಲಿ ಹೆಸರು ಕರೆಯುತ್ತಾರೆ. ಆ ಎಂಟು ದಿನದಲ್ಲಿ ಆರು ದಿನ ಪಾರ್ಟ್ ಬಂದಿರಲಿಲ್ಲ, ಒಂದು ದಿನ ನೀರು ನಿಲ್ಲಿಸಲು ಅನುಮತಿ ಸಿಕ್ಕಿರಲಿಲ್ಲ. ಟೆಕ್ನಿಷಿಯನ್ ಕೆಲಸ ಮಾಡಿದ್ದು ಎರಡೇ ಗಂಟೆ. ಅದಕ್ಕೇ "ಪಾರ್ಟಿಗಾಗಿ ಕಾಯುತ್ತಿದೆ", "ಅನುಮತಿಗಾಗಿ ಕಾಯುತ್ತಿದೆ" ಅನ್ನೋ ಎರಡು ಸ್ಟೇಟಸ್ ಇರಲೇಬೇಕು ಅಂತ ಹಟ ಹಿಡಿಯುತ್ತೇನೆ. ಅವು ಇದ್ದರೆ ತಡ ಎಲ್ಲಾಗುತ್ತಿದೆ ಅಂತ ಕಾಣುತ್ತದೆ. ನಮ್ಮಲ್ಲಿ ಹೆಚ್ಚಿನ ತಡ ಸ್ಟೋರಿನಲ್ಲಿತ್ತು. ಪದೇ ಪದೇ ಬೇಕಾಗುವ ಹತ್ತಿಪ್ಪತ್ತು ಪಾರ್ಟುಗಳನ್ನು ಮೊದಲೇ ತಂದಿಟ್ಟುಕೊಂಡ ಮೇಲೆ ಪೆಂಡಿಂಗ್ ಪಟ್ಟಿ ತಾನಾಗಿ ಕರಗಿತು. ಬೈಯಿಸಿಕೊಳ್ಳುವ ಭಯ ಇದ್ದರೆ ಜನ ಮುಗಿಯದ ಕೆಲಸವನ್ನೂ ಮುಗಿದಿದೆ ಅಂತ ಒತ್ತಿಬಿಡುತ್ತಾರೆ. ಆಮೇಲೆ ಆ ದಾಖಲೆಯನ್ನು ನಂಬುವುದು ಹೇಗೆ?

ಮುಂಚಿತವಾಗಿ ಮಾಡುವ ನಿರ್ವಹಣೆಯಲ್ಲೂ ಇದೇ ಅಪಾಯ. ಹೊಸ ಉತ್ಸಾಹದಲ್ಲಿ ಮೊದಲ ವಾರವೇ ನೂರಾರು ಕೆಲಸ ಶೆಡ್ಯೂಲ್ ಮಾಡಿದರೆ ಜನ ಸುಮ್ನೆ ಟಿಕ್ ಹಾಕುತ್ತಾರೆ. ನಿಂತರೆ ಎಲ್ಲರಿಗೂ ತೊಂದರೆಯಾಗುವ ಯಂತ್ರಗಳಿಂದ ಶುರು ಮಾಡಿ: ಬೆಂಕಿ ನಂದಿಸುವ ಪಂಪ್, ಜನರೇಟರ್, ಲಿಫ್ಟ್, ನೀರಿನ ಪಂಪ್. ಜನರೇಟರಿಗೆ ಬರೀ ಕ್ಯಾಲೆಂಡರ್ ಸಾಲದು, ಎಷ್ಟು ಗಂಟೆ ಓಡಿದೆ ಅಂತಲೂ ನೋಡಬೇಕು. ಅನೇಕ ಡೀಸೆಲ್ ಜನರೇಟರುಗಳಿಗೆ 250 ಗಂಟೆಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಎಂಜಿನ್ ಆಯಿಲ್ ಬದಲಾಯಿಸುತ್ತಾರೆ. ಆದರೆ ಕರೆಂಟ್ ಹೋದಾಗ ಜನರೇಟರ್ ಸ್ಟಾರ್ಟ್ ಆಗದೇ ಇರುವುದಕ್ಕೆ ಹೆಚ್ಚಿನ ಸಲ ಕಾರಣ ಬ್ಯಾಟರಿ. ಅದನ್ನು ನೋಡಲು ಐದು ನಿಮಿಷ ಸಾಕು.

ಇನ್ನೊಂದು, "ಅರ್ಜೆಂಟ್" ಅನ್ನೋ ಬಟನ್. ಅದನ್ನು ಕಂಪ್ಲೇಂಟ್ ಕೊಡುವವರ ಕೈಗೆ ಬಿಟ್ಟರೆ ಎಲ್ಲವೂ ಅರ್ಜೆಂಟೇ. ಏನಾಗಿದೆ ಅಂತ ಅವರು ಹೇಳಲಿ. ಎಷ್ಟು ಬೇಗ ಹೋಗಬೇಕು ಅನ್ನೋದನ್ನು ಸೂಪರ್‌ವೈಸರ್ ನಿರ್ಧರಿಸಲಿ.

ನೀವೂ ಇಂಥದ್ದೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದರೆ ಡೆಮೋವನ್ನು ಮೀಟಿಂಗ್ ರೂಮಿನಲ್ಲಿ ನೋಡಬೇಡಿ. ನಿಮ್ಮ ಪ್ಲಂಬರನ್ನೋ ಎಲೆಕ್ಟ್ರಿಷಿಯನ್ನನ್ನೋ ಕರೆದುಕೊಂಡು ಬೇಸ್‌ಮೆಂಟಿಗೆ ಇಳಿಯಿರಿ. ಅಲ್ಲಿ ಸಿಗ್ನಲ್ ಇರುವುದಿಲ್ಲ, ಆದರೆ ಪಂಪ್ ಇರುವುದು ಅಲ್ಲೇ. ಫೋನ್ ಅವರ ಕೈಗೆ ಕೊಟ್ಟು, ಒಂದು ಕೆಲಸ ತೆರೆದು, ಫೋಟೋ ತೆಗೆದು, ಎರಡು ಸಾಲು ಬರೆದು ಮುಗಿಸಲು ಹೇಳಿ. ನೀವು ಬಾಯಿ ಹಾಕದೆ ಪಕ್ಕದಲ್ಲಿ ನಿಂತು ನೋಡಿ. ಮೇಲೆ ಬಂದ ಮೇಲೆ ಮೊದಲ ಅಭಿಪ್ರಾಯ ಅವರದೇ ಕೇಳಿ.