ಅನುದಾನ ಬಂದಿಲ್ಲವಂತೆ, ನನ್ನ ಗಾಡಿ ಹೋಯ್ತು

ಮೊನ್ನೆ ಮಂಗಳವಾರ ರಾತ್ರಿ ಎಂಟೂವರೆಗೆ ಶಟರ್ ಎಳೆದು ಬೀಗ ಹಾಕಿ ತಿರುಗಿದರೆ ನನ್ನ ಸ್ಕೂಟರ್ ಇಲ್ಲ. ಬೇರೆ ಕಡೆ ನಿಲ್ಲಿಸಿದ್ದೆನೇನೋ ಅಂತ ಹತ್ತು ಹೆಜ್ಜೆ ಆ ಕಡೆ, ಹತ್ತು ಹೆಜ್ಜೆ ಈ ಕಡೆ ಸುಮ್ನೆ ನಡೆದೆ. ಕಣ್ಣಿಗೆ ಏನೂ ಕಾಣಲ್ಲ, ಅಷ್ಟು ಕತ್ತಲೆ. ದಾವಣಗೆರೆ ಮಂಡಿಪೇಟೆ ಹಿಂದಿನ ನಮ್ಮ ಓಣಿಯಲ್ಲಿ ಬೀದಿ ದೀಪ ಹೋಗಿ ಅವತ್ತಿಗೆ 23 ದಿನ. ಇಷ್ಟು ಕರೆಕ್ಟಾಗಿ ಹೇಗೆ ಗೊತ್ತು ಅಂದರೆ ಪಾಲಿಕೆಗೆ ದೂರು ಕೊಟ್ಟವನೇ ನಾನು. ದೂರು ಕೊಟ್ಟ ಮೂರನೇ ದಿನ ಒಬ್ಬ ಹುಡುಗ ಬಂದಿದ್ದ. ಕಂಬದ ಕೆಳಗೆ ನಿಂತು ಮೇಲೆ ನೋಡಿದ, ಮೊಬೈಲಲ್ಲಿ ಫೋಟೋ ತೆಗೆದ. "ಬಲ್ಬ್ ಸ್ಟಾಕ್ ಇಲ್ಲ ಅಣ್ಣ, ಟೆಂಡರ್ ಮುಗಿದಿದೆ, ಅನುದಾನ ಬರಬೇಕು" ಅಂದ. ಹೋದ. ಮಾರನೇ ದಿನ ನನ್ನ ಮೊಬೈಲ್‌ಗೆ ಮೆಸೇಜು, ನಿಮ್ಮ ದೂರು ಪರಿಹರಿಸಲಾಗಿದೆ ಅಂತ!

ಸರಿ, ಠಾಣೆಗೆ ಹೋದೆ. ಯಾವ ಠಾಣೆ ಅಂತ ಬೇಡ ಬಿಡಿ, ಅಲ್ಲಿದ್ದ ಪೊಲೀಸಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಬೆಳಗ್ಗೆಯಿಂದ ಎಲ್ಲೋ ಬಂದೋಬಸ್ತ್ ಮುಗಿಸಿ ಬಂದು ಬೂಟು ಬಿಚ್ಚಿ ಕೂತಿದ್ದ. ಇರೋ ಜನ ಸಾಲಲ್ಲ, ಜಾತ್ರೆ, ಮೆರವಣಿಗೆ, ಮಂತ್ರಿ ಬಂದರು ಅಂದರೆ ಠಾಣೆ ಖಾಲಿ ಅಂದ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರೋದು, ಪುಣ್ಯ, ವರ್ಷ ವರ್ಷ ಬಂದರೆ ನಮ್ಮ ಗತಿ ಏನು ಸಾರ್ ಅಂತ ಅವನೇ ನಕ್ಕ. ಆಮೇಲೆ ಕೇಳಿದ, "ಫುಟೇಜ್ ಇದೆಯಾ? ಇದ್ದರೆ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಬನ್ನಿ. ಹಾಗೇ ಬರುವಾಗ ಒಂದು ಬಂಡಲ್ ಎ4 ಪೇಪರ್ ತರ್ತೀರಾ?"

ಅಂದರೆ ಗಾಡಿ ನನ್ನದು, ಕ್ಯಾಮೆರಾ ನನ್ನದು, ಪೆನ್‌ಡ್ರೈವ್ ನನ್ನದು, ದೂರು ಬರೆದುಕೊಳ್ಳೋ ಹಾಳೆಯೂ ನನ್ನದು. ಕಳ್ಳ ಒಬ್ಬ ಮಾತ್ರ ಅವರ ಕಡೆಯಿಂದ.

ಈ ಕ್ಯಾಮೆರಾ ಕತೆ ಹೇಳಲೇಬೇಕು. ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಅಂತ ಒಂದಿದೆ. ಒಂದೇ ಸಲಕ್ಕೆ 100 ಜನ ಅಥವಾ ದಿನಕ್ಕೆ 500 ಜನ ಬರೋ ಜಾಗ ಆದರೆ ಮಾಲೀಕರು ಸ್ವಂತ ದುಡ್ಡಲ್ಲಿ ಸಿಸಿಟಿವಿ ಹಾಕಿಸಿ, 30 ದಿನದ ರೆಕಾರ್ಡಿಂಗ್ ಇಟ್ಟಿರಬೇಕು. ನನ್ನ ಹಾರ್ಡ್‌ವೇರ್ ಅಂಗಡಿಗೆ ದಿನಕ್ಕೆ 40 ಜನ ಬಂದರೆ ಅವತ್ತು ಹಬ್ಬ. ಕಾಯ್ದೆ ನನಗೆ ತಾಗಲ್ಲ, ಆದರೂ ಒಂದು ಹಾಕಿಸಿದ್ದೆ, ಗಲ್ಲಾ ಪೆಟ್ಟಿಗೆ ಕಡೆ ಮುಖ ಮಾಡಿ. ಅದರ ಮೂಲೆಯಲ್ಲಿ ಬಾಗಿಲಾಚೆ ಒಂದು ಗೇಣು ರಸ್ತೆ ಕಾಣುತ್ತೆ. ರಾತ್ರಿ ಹನ್ನೊಂದು ಗಂಟೆವರೆಗೂ ಕೂತು ನೋಡಿದೆ. ಕಾಣೋದು ನನ್ನ ಗಾಡಿಯ ಹಿಂದಿನ ಚಕ್ರ ಮಾತ್ರ. 7 ಗಂಟೆ 52 ನಿಮಿಷದವರೆಗೆ ಚಕ್ರ ಇದೆ. ಆಮೇಲೆ ಒಂದು ಹವಾಯಿ ಚಪ್ಪಲಿ ಬರುತ್ತೆ. ಚಕ್ರ ಮೆಲ್ಲಗೆ ಒಂದು ಸುತ್ತು ಹಿಂದಕ್ಕೆ ಉರುಳುತ್ತೆ, ನಿಲ್ಲುತ್ತೆ, ಹೋಗುತ್ತೆ. ಆ ಹೊತ್ತಿಗೆ ನಾನು ಎರಡು ಮಾರು ದೂರದಲ್ಲಿ ಕೂತು ಯಾರಿಗೋ ಅರ್ಧ ಕೆಜಿ ಮೊಳೆ ತೂಗುತ್ತಿದ್ದೆ. ಅದನ್ನು ನಾಲ್ಕು ಸಲ ನೋಡಿದೆ, ಹೊಟ್ಟೆ ಉರಿಯಿತು.

ಓಣಿ ತುದಿಯ ಕಂಬದ ಮೇಲೆ ಸರ್ಕಾರಿ ಕ್ಯಾಮೆರಾ ಒಂದಿದೆ. ಇದೆ ಅಂದರೆ ಇದೆ ಅಷ್ಟೇ. ಪೆಟ್ಟಿಗೆ ಬಾಗಿಲು ಕಿತ್ತು ನೇತಾಡುತ್ತಿದೆ, ಒಳಗೆ ಕಣಜ ಗೂಡು ಕಟ್ಟಿದೆ. ಯಾವ ಇಲಾಖೆಯದು, ಯಾವ ಯೋಜನೆಯದು ಅಂತ ನಾಲ್ಕು ಕಡೆ ಕೇಳಿದೆ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು.

ನಮ್ಮ ದಾವಣಗೆರೆ 2016ರ ಜನವರಿಯಲ್ಲಿ ಕೇಂದ್ರದ ಸ್ಮಾರ್ಟ್ ಸಿಟಿ ಮಿಷನ್‌ನ ಮೊದಲ 20 ಊರುಗಳ ಪಟ್ಟಿಯಲ್ಲೇ ಬಂದಾಗ ಪಟಾಕಿ ಹೊಡೆಯೋದೊಂದು ಬಾಕಿ. ಒಂದೊಂದು ಊರಿಗೆ ಕೇಂದ್ರದಿಂದ 500 ಕೋಟಿ, ಅಷ್ಟೇ ದುಡ್ಡು ರಾಜ್ಯದ ಕಡೆಯಿಂದ ಅನ್ನೋ ಲೆಕ್ಕ. ಆ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಸಾಮಾನು ತರೋಕೆ ಯೋಜನೆ ಇರುತ್ತೆ, ಉದ್ಘಾಟನೆ ಇರುತ್ತೆ, ಕಲ್ಲಿನ ಮೇಲೆ ಹೆಸರು ಇರುತ್ತೆ. ಅದೇ ಸಾಮಾನಿಗೆ ವರ್ಷ ವರ್ಷ ಕರೆಂಟ್ ಬಿಲ್ಲು, ರಿಪೇರಿ, ನೋಡಿಕೊಳ್ಳೋ ಹುಡುಗನ ಸಂಬಳ ಯಾರು ಕೊಡಬೇಕು? ಅದಕ್ಕೆ ಯಾವ ಕಲ್ಲೂ ಇಲ್ಲ ಅಲ್ವಾ. ಖರ್ಚು ಕಡಿಮೆ ಮಾಡಿ ಅಂದ ಕೂಡಲೇ ಮೊದಲು ಹೋಗೋದು ಅದೇ. ಬಲ್ಬು ಹೋಗುತ್ತೆ, ಪೊಲೀಸ್ ಗಾಡಿಯ ಡೀಸೆಲ್ ಹೋಗುತ್ತೆ, ಕೊನೆಗೆ ಮನುಷ್ಯ ಹೋಗ್ತಾನೆ.

ಮನುಷ್ಯ ಅಂದೆನಲ್ಲ. ನನ್ನ ಮಗಳ ಶಾಲೆ ಹತ್ತಿರ ಪಿ.ಬಿ. ರೋಡ್ ದಾಟೋ ಕಡೆ ಒಬ್ಬ ಹೋಂ ಗಾರ್ಡ್ ಇದ್ದ. ಬೆಳಗ್ಗೆ ಎಂಟೂವರೆಗೆ ಸೀಟಿ ಊದಿಕೊಂಡು ಒಂದು ಕೈಯಲ್ಲಿ ಲಾರಿ ನಿಲ್ಲಿಸಿ ಇನ್ನೊಂದು ಕೈಯಲ್ಲಿ ಮಕ್ಕಳನ್ನು ದಾಟಿಸುತ್ತಿದ್ದ. ಸಂಜೆ ನಮ್ಮ ಓಣಿ ಕಡೆಯೂ ಒಂದು ಸುತ್ತು ಬರುತ್ತಿದ್ದ. ಹೋಂ ಗಾರ್ಡ್‌ಗಳಿಗೆ ತಿಂಗಳ ಸಂಬಳ ಅಂತ ಇಲ್ಲ, ಡ್ಯೂಟಿ ಹಾಕಿದ ದಿನಕ್ಕೆ ಮಾತ್ರ ಭತ್ಯೆ. ಪಿಂಚಣಿ ಕನಸು. ಅವರ ದಳದ ಧ್ಯೇಯವಾಕ್ಯ 'ನಿಷ್ಕಾಮ ಸೇವೆ', ಮೇಲಿನವರು ಅದನ್ನು ಅಕ್ಷರಶಃ ತಗೊಂಡಿರಬೇಕು. ಎರಡು ತಿಂಗಳ ಹಿಂದೆ ಇವನ ಡ್ಯೂಟಿ ನಿಂತಿತು. ಕಾರಣ ಮತ್ತೆ ಅದೇ, ಅನುದಾನ. ಈಗ ಶಾಲೆ ಮುಂದೆ ಪ್ಲಾಸ್ಟಿಕ್ ಬ್ಯಾರಿಕೇಡ್ ಎರಡು ಇಟ್ಟಿದ್ದಾರೆ, ಅದರ ಮೇಲೆ ಒಂದು ಜ್ಯೂವೆಲರಿ ಅಂಗಡಿ ಜಾಹೀರಾತು. ಮಕ್ಕಳನ್ನು ಬ್ಯಾರಿಕೇಡ್ ಕೈ ಹಿಡಿದು ದಾಟಿಸುತ್ತಾ?

ದುಡ್ಡಿಲ್ಲ ಅನ್ನೋದನ್ನು ಒಪ್ಪೋಣ ಅಂದರೆ ಮನೆ ಕಂದಾಯದ ರಸೀದಿ ನೋಡಿ. ನಾನು ಏಪ್ರಿಲ್‌ನಲ್ಲೇ ಕಟ್ಟಿ ಶೇ. 5 ರಿಯಾಯಿತಿ ತಗೊಳ್ಳೋ ಜಾತಿ. ಕಂದಾಯದ ಮೇಲೆ ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಕರ ಶೇ. 3, ಆರೋಗ್ಯಕ್ಕೆ ಶೇ. 15. ಕೊಡ್ತೀವಿ, ಬೇಡ ಅಂದಿಲ್ಲ. ಲೇಟಾದರೆ ದಂಡನೂ ಕಟ್ತೀವಿ. ನಾವು "ಈ ವರ್ಷ ನಮ್ಮ ಮನೆಗೆ ಅನುದಾನ ಬಂದಿಲ್ಲ" ಅಂದರೆ ಬಿಡ್ತಾರಾ?

ನಿನ್ನೆ ಓಣಿಯ ಅಂಗಡಿಯವರೆಲ್ಲ ಸೇರಿದ್ದೆವು, ಮಿರ್ಚಿ ಮಂಡಕ್ಕಿ ತರಿಸಿಕೊಂಡು. ರಾತ್ರಿ ಕಾವಲಿಗೆ ಯಾರನ್ನಾದರೂ ಇಟ್ಟುಕೊಳ್ಳೋಣ ಅಂತ ಮಾತಾಯ್ತು. ನನಗೆ ಆ ಹೋಂ ಗಾರ್ಡ್ ನೆನಪಾದ, ಫೋನ್ ಮಾಡಿದೆ. "ಬೇಡ ಸಾರ್" ಅಂದ. "ಡ್ಯೂಟಿಗೆ ಮತ್ತೆ ಕರೀತೀವಿ ಅಂದಿದ್ದಾರೆ. ನಿಮ್ಮ ಕೆಲಸಕ್ಕೆ ಸೇರಿಕೊಂಡ ಮೇಲೆ ಫೋನ್ ಬಂದರೆ? ಯೂನಿಫಾರ್ಮ್ ಇಸ್ತ್ರಿ ಮಾಡಿ ಇಟ್ಟಿದ್ದೀನಿ."

ಬೇರೆ ಒಬ್ಬ ಸಿಕ್ಕಿದ್ದಾನೆ. ಅಂಗಡಿಗೆ ತಿಂಗಳಿಗೆ 300, ಟಾರ್ಚು ನಾವೇ ಕೊಡಿಸಬೇಕಂತೆ. ಕೊಡಿಸಿದೆ. ಗಾಡಿ ಸಾಲದ್ದು ಇನ್ನೂ 11 ಕಂತು ಬಾಕಿ ಇದೆ, ಐದನೇ ತಾರೀಕು ಬಂದರೆ ಬ್ಯಾಂಕಿನವರ ಮೆಸೇಜ್ ಮಾತ್ರ ತಪ್ಪದೆ ಬರುತ್ತೆ.