ಹವಾಲ್ದಾರ್ ಕಾಕಾ ಮತ್ತು ಎರಡು ಲೋಡ್ ಮುರುಮ್

ಜುಲೈ 26 ಬಂತೆಂದರೆ ನಮ್ಮ ಕಲಬುರಗಿ ಕಡೆ ಮಾಜಿ ಸೈನಿಕರಿಗೆ ಭಾರಿ ಬೇಡಿಕೆ. ಕಾರ್ಗಿಲ್ ವಿಜಯ ದಿವಸ ಅಂತ ವೇದಿಕೆಗೆ ಕರೆದು, ಶಾಲು ಹೊದಿಸಿ, ಫೋಟೊ ತೆಗೆದು ಕಳಿಸುತ್ತಾರೆ. ಮಾಡಲಿ, ತಪ್ಪೇನಿಲ್ಲ. ಮರುದಿನದಿಂದ ಆ ಮನುಷ್ಯನಿಗೆ ಏನು ಕೆಲಸ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಸಿಪಾಯಿಯಾಗಿ ಸೇರಿದ ಬಹಳ ಮಂದಿ 40 ದಾಟುವ ಮೊದಲೇ ಪೆನ್ಶನ್ ತೊಗೊಂಡು ಊರಿಗೆ ಬರುತ್ತಾರೆ. ಮೈಯಲ್ಲಿ ಕಸುವು ಹಾಗೇ ಇರುತ್ತದೆ. ಅಂಥವರ ಕೈಗೆ ಬಂದೂಕು ಕೊಟ್ಟು ಬ್ಯಾಂಕಿನ ಬಾಗಿಲಲ್ಲಿ ನಿಲ್ಲಿಸುತ್ತೇವೆ. ಅತ್ತ ಹಳ್ಳಿ ಶಾಲೆಗೆ ಪೀಟಿ ಮಾಸ್ತರ ಇಲ್ಲ. ಇವರೇ ಹೋಗುತ್ತೇನೆ ಅಂದರೆ ದೈಹಿಕ ಶಿಕ್ಷಣದ ಪದವಿ, ಬಿಪಿಎಡ್, ಎಲ್ಲಿ ಅನ್ನುತ್ತಾರೆ. 2022ರ ಅಗ್ನಿಪಥ ಭರ್ತಿ ಯೋಜನೆಯ ನಂತರ ಸಿಪಾಯಿಯಾಗಿ ಸೇರಿದವರಲ್ಲಿ ನಾಲ್ಕು ವರ್ಷದ ಮೇಲೆ ಉಳಿಯುವುದು ನೂರಕ್ಕೆ 25ರವರೆಗೆ ಅಷ್ಟೇ. ಮಿಕ್ಕ ಹುಡುಗರಿಗೂ ಬ್ಯಾಂಕಿನ ಬಾಗಿಲೇ ಗತಿಯೇನು?

ನಮ್ಮ ಕಾಕಾ ಸೇನೆಯ ವಾಹನ, ಯಂತ್ರಗಳನ್ನು ರಿಪೇರಿ ಮಾಡುವ ಇಎಂಇ ವಿಭಾಗದಲ್ಲಿದ್ದವರು. ತರಬೇತಿ ಆದದ್ದು ಸಿಕಂದರಾಬಾದಿನಲ್ಲಿ. ಮಿಲ್ಖಾ ಸಿಂಗ್ ಓಟಗಾರನಾಗಿ ಬೆಳೆದದ್ದೂ ಅಲ್ಲೇ. ಆದರೆ ಕಾಕಾನ ಬಾಯಲ್ಲಿ ಸದಾ ಇರುವ ಹೆಸರು ಮುರಳೀಕಾಂತ್ ಪೇಟ್ಕರ್ ಅವರದು. ಅವರೂ ಇಎಂಇಯವರೇ, ಮೊದಲು ಬಾಕ್ಸರ್. 1965ರ ಯುದ್ಧದಲ್ಲಿ ಗುಂಡು ತಗುಲಿ ಕಾಲಿನ ಬಲ ಹೋಯಿತು. ಆಮೇಲೆ ಈಜಿಗೆ ಇಳಿದು, 1972ರಲ್ಲಿ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಚಿನ್ನ ಗೆದ್ದರು. ಪದ್ಮಶ್ರೀ ಬಂದದ್ದು 2018ರಲ್ಲಿ. "ನಮ್ಮ ಮಂದೀಗಿ ನೆನಪು ಬರ್ಲಿಕ್ಕ ಇಷ್ಟು ವರ್ಷ ಬೇಕಾತು ನೋಡು" ಅಂತ ಕಾಕಾ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಊರ ಹೊರಗೆ ಕಾಕಾನದೊಂದು ತುಂಡು ಹೊಲ ಇದೆ. ತೊಗರಿ ಬಿತ್ತುವುದು ಬಿಟ್ಟು ಅಲ್ಲಿ ಹುಡುಗರನ್ನು ಓಡಿಸುತ್ತಾರೆ. ಸೇನಾ ಭರ್ತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ, ಹತ್ತು ಪುಲ್‌ಅಪ್‌ಗೆ 40. ಒಂಬತ್ತು ಅಡಿ ಗುಂಡಿ ಬೇರೆ ಜಿಗಿಯಬೇಕು. ಆ ಗುಂಡಿಯನ್ನು ಕಾಕಾ ತಾವೇ ಗುದ್ದಲಿ ಹಿಡಿದು ತೋಡಿದರು, ಅಂಚಿಗೆ ಸುಣ್ಣ ಹಾಕಿದರು. ಬೇಸಿಗೆಯ ಬಿಸಿಲಿಗೆ ಹೆದರಿ ನಸುಕಿನಲ್ಲೇ ಸೀಟಿ ಊದುತ್ತಾರೆ. ತೊಂದರೆ ಇರುವುದು ಮಳೆಗಾಲದಲ್ಲಿ. ನಮ್ಮದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು, ನಾಲ್ಕು ಹನಿ ಬಿದ್ದರೆ ಮಣ್ಣು ಮೆತ್ತಿ ಬೂಟು ಏಳುವುದಿಲ್ಲ. ಅದಕ್ಕೇ ಹೋದ ವರ್ಷ ಪೆನ್ಶನ್ ರೊಕ್ಕದಲ್ಲಿ ಎರಡು ಲೋಡ್ ಮುರುಮ್, ಅಂದರೆ ಗರಸು ಮಣ್ಣು, ಹಾಕಿಸಿದರು. ಮನೆಯಲ್ಲಿ ಹೇಳಿರಲಿಲ್ಲ.

ಗೊತ್ತಾದ ದಿನ ಕಾಕಾನ ಹೆಂಡತಿ, ನಮ್ಮ ಕಾಕು, ಅಂದದ್ದನ್ನು ಯಾವ ವೇದಿಕೆಯಲ್ಲೂ ಯಾರೂ ಹೇಳಲಾರರು: "ಹರೇದಾಗ ಸರಕಾರಕ್ಕ ಕೊಟ್ರಿ, ಈಗ ಊರ ಹುಡುಗ್ರಿಗಿ ಕೊಡ್ಲತ್ತೀರಿ. ನಮ್ಮ ಪಾಳಿ ಯಾವಾಗ್ರಿ?"

ಕಾಕಾ ಸುಮ್ಮನಿದ್ದರು. ಆದರೆ ಮರುವಾರದಿಂದ ಮಗಳನ್ನೂ ಮೈದಾನಕ್ಕೆ ಕರೆತಂದರು. ತಾನು ಲೇಹ್‌ನಲ್ಲಿದ್ದಾಗ ದೊಡ್ಡವಳಾದ ಮಗಳು. ಅಪ್ಪನ ಜೊತೆ ಮಾತೇ ಕಮ್ಮಿ. ಈಗ ಸ್ಟಾಪ್‌ವಾಚ್ ಅವಳ ಕೈಯಲ್ಲಿರುತ್ತದೆ, ಅಪ್ಪನಿಗೇ "ಲೇಟ್ ಆತು" ಅಂತ ಗದರಿಸುತ್ತಾಳೆ. ಆಟ ಒಂದು ಕಡೆ, ಸಂಸಾರ ಒಂದು ಕಡೆ ಅಂತ ಬೇರೆ ಮಾಡುವುದು ಅವರಿಗೆ ಸಾಧ್ಯವಾಗಲಿಲ್ಲ, ಒಳ್ಳೆಯದೇ ಆಯಿತು.

ಆದರೂ ಮುರುಮ್ ಖರ್ಚು ಕಾಕುನ ಸಂಸಾರದ ಮೇಲೆ ಯಾಕೆ ಬೀಳಬೇಕು? ನರೇಗಾದಲ್ಲಿ ಶಾಲಾ ಮೈದಾನ ಮಾಡಿಕೊಂಡ ಪಂಚಾಯತಿಗಳು ರಾಜ್ಯದಲ್ಲಿವೆ. ನಮ್ಮ ಕಡೆಯೂ ಮಾಡಲಿ, ಇಂಥವರನ್ನು ಗೌರವಧನ ಕೊಟ್ಟು ಅಲ್ಲಿ ನೇಮಿಸಲಿ, ಬೇಕಿದ್ದರೆ ಸಣ್ಣ ಕೋರ್ಸ್ ಮಾಡಿಸಲಿ. ಅದಾಗುವ ತನಕ ಈ ಮಳೆಗಾಲ ಹೇಗೆ ಅನ್ನುವುದೇ ಚಿಂತೆ. ಮೊದಲು ಮಗಳ ಕಾಲೇಜು ಫೀಸು, ಆಮೇಲೆ ಮುರುಮ್ ಅಂತ ಕಾಕು ಹೇಳಿಯಾಗಿದೆ, ಕಾಕಾ ಒಪ್ಪಿಯೂ ಆಗಿದೆ. ಟ್ರ್ಯಾಕ್ಟರ್ ಇದ್ದವರು ಯಾರಾದರೂ ಇದ್ದರೆ ಫೋನ್ ಮಾಡ್ರಿ, ಡೀಸೆಲ್ ರೊಕ್ಕ ನಂದು.