ಬೆನ್ನ ಮೇಲಿನ ರಸೀದಿ

ನನ್ನ ಹೆಗಲುನೋವಿಗೆ ಆಗ ಒಂದೂವರೆ ತಿಂಗಳು ತುಂಬಿತ್ತು. ದಿನವಿಡೀ ಕಂಪ್ಯೂಟರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆಯಂತೆ ಬಾಗಿ ಕುಳಿತರೆ ಹೆಗಲಾದರೂ ಏನು ಉತ್ತರ ಕೊಟ್ಟೀತು? ನೆಟ್ಟಗೆ ಕುಳಿತುಕೊಳ್ಳಿ, ವ್ಯಾಯಾಮ ಮಾಡಿ ಎಂದರು ವೈದ್ಯರು. ಇಷ್ಟು ಸಪ್ಪೆ ಸಲಹೆಯನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದಾದರೂ ಹೇಗೆ? ಆದ್ದರಿಂದ ಕಪ್ಪಿಂಗ್, ಅಂದರೆ ಬೆನ್ನಿನ ಚರ್ಮವನ್ನು ಕಪ್ಪುಗಳಿಂದ ಹೀರಿಸುವ ಚಿಕಿತ್ಸೆ, ಮಾಡಿಸಿಕೊಂಡೆ.

ಬೋರಲು ಮಲಗಿಸಿದರು. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಗೆ ಬೆಂಕಿ ಹಚ್ಚಿ, ಗಾಜಿನ ಕಪ್ಪಿನೊಳಗೆ ಒಂದು ಸುತ್ತು ಆಡಿಸಿ ಹೊರತೆಗೆದವರೇ ಕಪ್ಪನ್ನು ಬೆನ್ನ ಮೇಲೆ ಕವುಚಿ ಹಾಕಿದರು. ಒಳಗಿನ ಬಿಸಿ ಗಾಳಿ ತಣಿಯುತ್ತಿದ್ದಂತೆ ಒತ್ತಡ ಕುಸಿಯಿತು. ನನ್ನ ಚರ್ಮ ವಟಗುಟ್ಟುವ ಕಪ್ಪೆಯ ಗಂಟಲಿನಂತೆ ಒಳಗೆ ಉಬ್ಬಿ ನಿಂತಿತು. ಎಂಟು ಕಪ್ಪು, ಎಂಟು ಕಪ್ಪೆ. ಹತ್ತು ನಿಮಿಷದ ಬಳಿಕ ಒಂದೊಂದನ್ನೇ ಕಿತ್ತು, ಬೆನ್ನಿನ ಫೋಟೊ ತೆಗೆದು ನನಗೆ ತೋರಿಸಿದರು. ಇಂಥ ಫೋಟೊವನ್ನು ಜನ ಸಾಮಾನ್ಯವಾಗಿ ಪೊಲೀಸ್ ಠಾಣೆಗೆ ಒಯ್ಯುತ್ತಾರೆ. ಇಲ್ಲಿ ಅದೇ ರಸೀದಿ.

“ನೋಡಿದಿರಾ, ಎಷ್ಟು ಕಪ್ಪು! ಅಷ್ಟೂ ಟಾಕ್ಸಿನ್,” ಎಂದರು ಚಿಕಿತ್ಸಕರು.

“ಯಾವ ಟಾಕ್ಸಿನ್?”

“ಕೆಟ್ಟ ಟಾಕ್ಸಿನ್.”

ಒಳ್ಳೆಯ ಟಾಕ್ಸಿನ್ ಇರಬಹುದೇನೋ ಎಂದು ಸುಮ್ಮನಾದೆ. ಈ ಶಾಸ್ತ್ರದಲ್ಲಿ ಸೋಲೇ ಇಲ್ಲ. ಕಲೆ ಕಪ್ಪಾದರೆ ವಿಷ ಬಹಳ ಇದೆ, ಇನ್ನೂ ನಾಲ್ಕು ಸಲ ಬನ್ನಿ. ತಿಳಿಯಾದರೆ ವಿಷ ಹೊರಟಿದೆ, ಚಿಕಿತ್ಸೆ ಫಲಿಸುತ್ತಿದೆ, ನಡುವೆ ನಿಲ್ಲಿಸಬೇಡಿ.

ಮೇಜಿನ ಅಂಚಿಗೆ ತೊಡೆ ತಾಕಿದರೂ ಇದೇ ಕಲೆ ಮೂಡುತ್ತದೆ. ಎಳೆತಕ್ಕೆ ಚರ್ಮದಡಿಯ ಸಣ್ಣ ರಕ್ತನಾಳಗಳು ಒಡೆಯುತ್ತವೆ, ರಕ್ತ ಸೋರಿ ಅಲ್ಲೇ ನಿಲ್ಲುತ್ತದೆ. ಅದರ ಹಿಮೊಗ್ಲೋಬಿನ್ ಒಡೆದು ಮೊದಲು ಹಸಿರು ಬಿಲಿವರ್ಡಿನ್ ಆಗುತ್ತದೆ, ಬಳಿಕ ಹಳದಿ ಬಿಲಿರುಬಿನ್ ಆಗುತ್ತದೆ. ಆ ಬಿಲಿರುಬಿನ್ನನ್ನು ವಿಲೇವಾರಿ ಮಾಡಬೇಕಾದದ್ದು ಯಾರು? ಯಕೃತ್ತು. ಅಂದರೆ ದೇಹದ ಕಸ ಹೊಡೆಯಲು ಬಂದವರು ಇರುವ ಒಬ್ಬ ಜಾಡಮಾಲಿಗೇ ಎಂಟು ಗುಡ್ಡೆ ಹೊಸ ಕಸ ಸುರಿದು, ಕೈ ಒರೆಸಿಕೊಂಡು, ಶುಲ್ಕ ತೆಗೆದುಕೊಂಡರು.

ಇದರ ಅಣ್ಣ ಇನ್ನೊಂದಿದೆ: ಚರ್ಮವನ್ನು ಬ್ಲೇಡಿನಿಂದ ಗೀರಿ, ಅದರ ಮೇಲೆ ಕಪ್ಪು ಕೂರಿಸಿ ರಕ್ತ ಹೀರುವುದು. ಕಪ್ಪಿನಲ್ಲಿ ಹೆಪ್ಪುಗಟ್ಟಿ ನಡುಗುವ ಗಂಟನ್ನು ತೋರಿಸಿ ‘ಕೆಟ್ಟ ರಕ್ತ’ ಎನ್ನುತ್ತಾರೆ. ಗಾಯದಿಂದ ಬಂದ ರಕ್ತ ಹೆಪ್ಪುಗಟ್ಟದಿದ್ದರೆ ತಾನೇ ಹೆದರಬೇಕಾದದ್ದು! ಮೇಲಾಗಿ ನಮ್ಮೊಳಗಿನ ಸುಮಾರು 5 ಲೀಟರ್ ರಕ್ತ ಹೆಚ್ಚುಕಡಿಮೆ ಒಂದು ನಿಮಿಷಕ್ಕೆ ಮೈಯೆಲ್ಲ ಸುತ್ತಿ ಬರುತ್ತದೆ. ಅದರಲ್ಲಿ ಕೆಟ್ಟದ್ದು ಮಾತ್ರ ಗುಂಪಿನಿಂದ ತಪ್ಪಿಸಿಕೊಂಡು ಹೆಗಲಿನ ಹಿಂದೆ ಅಡಗಿ ಕುಳಿತಿರುತ್ತದಂತೆ, ಬ್ಲೇಡಿನವರು ಬರುವವರೆಗೆ.

ಸಾವಿರಾರು ವರ್ಷಗಳ ಪರಂಪರೆ ಎಂಬ ಮಾತು ನಿಜ. ಸುಶ್ರುತ ಸಂಹಿತೆಯಲ್ಲೇ ರಕ್ತ ತೆಗೆಯಲು ವಾತಕ್ಕೆ ಕೊಂಬು, ಪಿತ್ತಕ್ಕೆ ಜಿಗಣೆ, ಕಫಕ್ಕೆ ಸೋರೆಬುರುಡೆ ಎಂಬ ವಿಂಗಡಣೆ ಇದೆ. ಗ್ರೀಕರಿಗೂ ಚೀನೀಯರಿಗೂ ಈ ವಿದ್ಯೆ ಗೊತ್ತಿತ್ತು. ಆದರೆ ನೆಗಡಿಗೂ ಅಷ್ಟೇ ಹಳೆಯ ಪರಂಪರೆಯಿದೆ, ಅದಕ್ಕೆ ಯಾರೂ ಕೈಮುಗಿಯುವುದಿಲ್ಲ.

ಪರಂಪರೆಯಿಂದ ಒಲಿಯದವರನ್ನು ಒಲಿಸಿದ್ದು ಒಲಿಂಪಿಕ್ಸ್. 2016ರ ರಿಯೊ ಕ್ರೀಡಾಕೂಟದಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಹೆಗಲ ಮೇಲೆ ನೇರಳೆ ವೃತ್ತಗಳನ್ನು ಹೊತ್ತು ಬಂದರು, 5 ಚಿನ್ನ ಒಯ್ದರು. ಅದಕ್ಕೂ ಮೊದಲೇ ಅವರ ಬಳಿ 18 ಚಿನ್ನ ಇದ್ದವು. ಜಗತ್ತು ಅವರ ಈಜನ್ನು ಬಿಟ್ಟು ವೃತ್ತಗಳನ್ನು ಹಿಡಿದುಕೊಂಡಿತು. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡ ಗಾದೆ ಕೇಳಿದ್ದೆವು. ನರಿಗೆ ಮಲಗಲು ಮೇಜು, ಕಾಯಲು ಸರದಿ ಸಾಲು, ಬಿಲ್ಲು ಇರುವುದನ್ನು ಈಗ ನೋಡಿದೆವು. ಸುಡುವುದೂ ಬರೀ ಮಾತಲ್ಲ, ಬೆಂಕಿಯ ಕಪ್ಪಿನಿಂದ ನಿಜವಾಗಿಯೂ ಸುಟ್ಟಗಾಯ ಮಾಡಿಕೊಂಡವರಿದ್ದಾರೆ.

ನನಗೆ ತುಂಬ ಇಷ್ಟವಾದದ್ದು ಜರ್ಮನಿಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾದ 141 ರೋಗಿಗಳಲ್ಲಿ ಕೆಲವರಿಗೆ ಅಸಲಿ ಕಪ್ಪು, ಕೆಲವರಿಗೆ ಸಣ್ಣ ತೂತು ಕೊರೆದು ಹೀರುವ ಬಲ ಕುಂದಿಸಿದ ನಕಲಿ ಕಪ್ಪು, ಉಳಿದವರಿಗೆ ಎಂದಿನ ಚಿಕಿತ್ಸೆ. ಎಂದಿನ ಚಿಕಿತ್ಸೆಗಿಂತ ಕಪ್ಪಿನವರು ಸುಧಾರಿಸಿದ್ದರು, ನಿಜ. ಆದರೆ ಅಸಲಿ ಕಪ್ಪು ತೂತು ಕಪ್ಪನ್ನು ಮೀರಿಸಲಿಲ್ಲ. ಹಾಗಿದ್ದರೆ ತೂತು ಕಪ್ಪನ್ನೇ ಏಕೆ ಮಾರಬಾರದು? ಬಾಸುಂಡೆಯಾದರೂ ತಪ್ಪೀತು. ಆದರೆ ಯಾರೂ ಕೊಳ್ಳುವುದಿಲ್ಲ, ರಸೀದಿ ಸಿಗುವುದಿಲ್ಲವಲ್ಲ.

ಮೂರನೆಯ ವಾರಕ್ಕೆ ನನ್ನ ನೋವು ಇಳಿಯಿತು. ಇಂಥ ನೋವು ಹೆಚ್ಚಾಗಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ, ಅದು ತಾಳಲಾರದಷ್ಟು ಏರಿದಾಗಲೇ ನಾವು ಚಿಕಿತ್ಸಕರ ಬಾಗಿಲು ತಟ್ಟುತ್ತೇವೆ. ಕಾಗೆ ಕೂತಿತು, ಕೊಂಬೆ ಮುರಿಯಿತು. ಕಾಗೆ ಬಿಲ್ಲು ಕಳಿಸಿತು. ಜೊತೆಗೆ, ಸುಳ್ಳೇಕೆ ಹೇಳಲಿ, ವೈದ್ಯರು ಹೇಳಿದ ವ್ಯಾಯಾಮವನ್ನೂ ಗುಟ್ಟಾಗಿ ಮಾಡುತ್ತಿದ್ದೆ.

ಮೊನ್ನೆ ಕತ್ತುನೋವಿನ ಸಹೋದ್ಯೋಗಿಯೊಬ್ಬರು ಹತ್ತಿರ ಬಂದು ಪಿಸುಗುಟ್ಟಿದರು: “ಕಪ್ಪಿಂಗ್ ಮಾಡಿಸಿದಿರಂತೆ, ಪರಿಣಾಮ ಹೇಗೆ?” ನಾನು ಬಾಯಿ ತೆರೆಯುವ ಮೊದಲೇ, “ಕಪ್ಪಾಯಿತೇ?” ಎಂದರು.

“ಬಹಳ,” ಎಂದೆ.

ಅವರು ಆಗಲೇ ಮೊಬೈಲ್ ತೆಗೆದು ನಂಬರ್ ಬರೆದುಕೊಳ್ಳಲು ಸಿದ್ಧರಾಗಿ ನಿಂತಿದ್ದರು.